ಬೆಂಗಳೂರಿನ ಕುಂಡದಲ್ಲಿ ಗೌರಿ ಹೂವು: ಒಂದು ಮನೆಯ ಪ್ರಕರಣ

ಮನೆ ತೋಟಗಳಿಗೆ ಸಲಹೆ ಕೊಡುವ ಕೆಲಸ ನನ್ನದು. ಹೆಚ್ಚಿನ ಮನೆಗಳ ಸಮಸ್ಯೆ ಒಂದೇ ಥರ ಇರುತ್ತದೆ, ಬರೆದಿಡುವಂಥದ್ದೇನೂ ಸಿಗುವುದಿಲ್ಲ. ಈ ಮನೆಯದು ಬೇರೆ. ಇಲ್ಲಿ ಗಿಡಕ್ಕೆ ಆರೈಕೆ ಕಡಿಮೆಯಾಗಿರಲಿಲ್ಲ, ಜಾಸ್ತಿಯಾಗಿತ್ತು. ಹೆಸರುಗಳನ್ನು ಬದಲಿಸಿದ್ದೇನೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಹಿನ್ನೆಲೆ

ಶಾರದಮ್ಮನವರ ತವರು ತೀರ್ಥಹಳ್ಳಿ ಕಡೆ. ಮದುವೆಯಾದ ಮೇಲೆ ಬೆಂಗಳೂರೇ ಊರು. ಯಜಮಾನರು ನಿವೃತ್ತರು, ಇಲ್ಲಿ ಅವರನ್ನು ರಾಯರು ಅನ್ನೋಣ. ಮೂವತ್ತು-ನಲವತ್ತರ ಸೈಟಿನ ಮನೆ. ಕಾಂಪೌಂಡಿಗೂ ಗೋಡೆಗೂ ನಡುವಿನ ಓಣಿಯಲ್ಲಿ ತುಳಸಿ, ದಾಸವಾಳ, ಕರಿಬೇವು, ದೊಡ್ಡಪತ್ರೆಯ ಕುಂಡಗಳು. ಬೆಳಿಗ್ಗೆ ಕೆಲಸಕ್ಕೆ ಬರುವ ಹುಡುಗಿ ಪ್ರತಿ ಕುಂಡಕ್ಕೂ ಒಂದೊಂದು ಚೊಂಬು ನೀರು ಹಾಕಿ ಹೋಗುತ್ತಾಳೆ. ಮಳೆ ಬರಲಿ, ಬಿಸಿಲಿರಲಿ, ಆ ಚೊಂಬು ತಪ್ಪುವುದಿಲ್ಲ.

ಶಾರದಮ್ಮನವರಿಗೆ ಬೇಕಾಗಿದ್ದದ್ದು ಗೌರಿ ಹೂವು. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. ಮಲೆನಾಡಿನಲ್ಲಿ ಬೇಲಿ, ದರೆ (ಮಣ್ಣಿನ ಇಳಿಜಾರು), ಕಾಡಂಚಿನಲ್ಲಿ ಯಾರೂ ನೆಡದೆ ಬರುವ ಬಳ್ಳಿ ಇದು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದು ಮೇಲೆ ಹತ್ತುತ್ತದೆ. ಗೌರಿ ಹಬ್ಬದ ಆಸುಪಾಸಿಗೆ ಹೂ ಬಿಡುತ್ತದೆ, ಪೂಜೆಗೂ ಇಡುತ್ತಾರೆ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ, ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ತಮಿಳುನಾಡಿನ ಒಡ್ಡನ್‌ಛತ್ರಂ, ಮೂಲನೂರು ಕಡೆಯ ರೈತರು ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಆ ಬೀಜದಲ್ಲಿರುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿನ ಔಷಧಿಗೆ ಬೇಕು. ಅಂದರೆ ಇದು ನಾಜೂಕಿನ ಗಿಡವೇನೂ ಅಲ್ಲ. ಆದರೂ ಈ ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಮೊದಲ ಎರಡು ಪ್ರಯತ್ನ

2022ರ ಗೌರಿ ಹಬ್ಬಕ್ಕೆ ತವರಿಗೆ ಹೋದವರು ತಮ್ಮನ ಗದ್ದೆಯ ಬೇಲಿಯಿಂದ ಹೂ ಬಿಟ್ಟಿದ್ದ ಬಳ್ಳಿಯನ್ನೇ ಅಗೆಸಿಕೊಂಡು ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ಸಮೇತ, ರಾತ್ರಿ ಬಸ್ಸಿನಲ್ಲಿ. ಓಣಿಯ ಕುಂಡದಲ್ಲಿ ನೆಟ್ಟ ಕೆಲವೇ ದಿನಕ್ಕೆ ಬಳ್ಳಿ ಬಾಡಿ ಬಿತ್ತು. "ಬೆಂಗಳೂರಿನ ಹವಾ ಇದಕ್ಕೆ ಆಗಲ್ಲ" ಅಂತ ಮನೆಯಲ್ಲಿ ತೀರ್ಮಾನವಾಯಿತು. ನಿಜಕ್ಕೂ ಹವೆಯ ತಪ್ಪೇನೂ ಇರಲಿಲ್ಲ. ಹೂ ಬಿಡುವ ಹೊತ್ತಿಗೆ ಹಳೆಯ ಗೆಡ್ಡೆಯ ಸಾರವೆಲ್ಲ ಬಳ್ಳಿಗೆ ಹೋಗಿರುತ್ತದೆ, ಹೊಸ ಗೆಡ್ಡೆ ಇನ್ನೂ ಕಟ್ಟುತ್ತಿರುತ್ತದೆ. ಆಗ ಕಿತ್ತರೆ ಕೈಗೆ ಬರುವುದು ಎರಡೂ ಅಲ್ಲದ್ದು.

2023ರ ಜೂನಿನಲ್ಲಿ ಮಗಳು ಆನ್‌ಲೈನಿನಲ್ಲಿ ಗೆಡ್ಡೆ ತರಿಸಿಕೊಟ್ಟಳು. ಈ ಸಲ ಬಳ್ಳಿ ಬಂತು, ಕಿಟಕಿ ಸರಳು ಹಿಡಿದು ಹತ್ತಿತು. ಹೂ ಬಿಡಲಿಲ್ಲ. ನವೆಂಬರಿನಲ್ಲಿ ಎಲೆ ಹಳದಿಯಾಗತೊಡಗಿತು. ಮನೆಯವರಿಗೆ ಗಾಬರಿ. ಚೊಂಬು ಎರಡಾಯಿತು. ಸಗಣಿ ನೀರು ಬಿತ್ತು. ಯಾರೋ ಹೇಳಿದರು ಅಂತ ಒಂದು ಹಿಡಿ ಡಿಎಪಿ ರಸಗೊಬ್ಬರವೂ ಬಿತ್ತು. ಡಿಸೆಂಬರ್ ಕಳೆಯುವುದರೊಳಗೆ ಬಳ್ಳಿ ಪೂರ್ತಿ ಒಣಗಿತು. "ನನಗೆ ಕೈಗುಣ ಇಲ್ಲ" ಅಂತ ಶಾರದಮ್ಮ ಬೇಜಾರು ಮಾಡಿಕೊಂಡರು. ನನ್ನನ್ನು ಕರೆಸಿದ್ದು ಆಮೇಲೆ, 2024ರ ಜನವರಿಯಲ್ಲಿ. ಕರೆಸಿದ್ದೂ ದಾಸವಾಳದ ಬಿಳಿ ಹಿಟ್ಟುತಿಗಣೆಗೆ. ಇದನ್ನು ಮಾತಿನ ಮಧ್ಯೆ ಹೇಳಿದರು.

ಕುಂಡ ಬುಡಮೇಲು ಮಾಡಿದಾಗ

ರಾಯರು ಆ ಕುಂಡದ ಮಣ್ಣನ್ನು ಬೇರೆ ಗಿಡಕ್ಕೆ ಹಾಕಿಸಲು ಹೊರಟಿದ್ದರು. ಮೊದಲು ಪೇಪರಿನ ಮೇಲೆ ಸುರಿಯೋಣ ಅಂದೆ. ಮಣ್ಣು ಹಿಡಿದರೆ ಅಂಟುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು. ಕುಂಡದ ಒಂದೇ ತೂತು ಬೇರು, ಕೆಸರಿನಿಂದ ಮುಚ್ಚಿಹೋಗಿತ್ತು. ಗೆಡ್ಡೆಯ ಮುಕ್ಕಾಲು ಭಾಗ ಕೊಳೆತು ಬೆರಳಿಗೆ ಮೆತ್ತುವಂತಾಗಿತ್ತು.

ಈ ಗೆಡ್ಡೆ ಈರುಳ್ಳಿಯಂತೆ ಪದರ ಪದರವಾಗಿ ಇರುವುದಿಲ್ಲ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ತೋಳು. ತೋಳಿನ ತುದಿಯಲ್ಲಿ ಮಾತ್ರ ಕಣ್ಣು. ಆಲೂಗಡ್ಡೆಗಿರುವಂತೆ ಮೈತುಂಬ ಕಣ್ಣಿಲ್ಲ. ಆ ತುದಿ ಮುರಿದರೆ ಆ ತೋಳು ಮೊಳೆಯುವುದಿಲ್ಲ, ಉಳಿದ ಭಾಗ ಎಷ್ಟೇ ಗಟ್ಟಿಯಾಗಿದ್ದರೂ ಅಷ್ಟೇ. ಕೊಳೆತದ್ದನ್ನು ಬಿಡಿಸುತ್ತಾ ಹೋದಾಗ ಒಂದು ತೋಳಿನ ಕೊನೆಯ ತುಂಡು ಸಿಕ್ಕಿತು. ಹೆಬ್ಬೆರಳಿನಷ್ಟೂ ಉದ್ದ ಇರಲಿಲ್ಲ. ತಿಳಿ ಕಂದು ಸಿಪ್ಪೆ, ಒತ್ತಿದರೆ ಗಟ್ಟಿ, ತುದಿಯಲ್ಲಿ ಮಾಸಲು ಬಿಳಿಯ ಚೂಪು ಮೊಗ್ಗು. ಮೊಗ್ಗಿಗೆ ಏನೂ ಆಗಿರಲಿಲ್ಲ.

ಇಟ್ಟುಕೊಳ್ಳೋದೋ ಎಸೆಯೋದೋ? ರಾಯರು "ಸುಮ್ನೆ ಬಿಸಾಕಿ ಸಾರ್, ನರ್ಸರೀಲಿ ನೂರು ಥರದ ಹೂವು ಸಿಗತ್ತೆ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಅಷ್ಟು ಚಿಕ್ಕ ತುಂಡು ಮೊಳೆತರೂ ಆ ವರ್ಷ ಹೂ ಬಿಡುವುದಿಲ್ಲ ಅಂತ ನನಗೂ ಗೊತ್ತಿತ್ತು. ಐವತ್ತು ಗ್ರಾಮಿನ ಆಚೀಚೆ ತೂಗುವ ಗೆಡ್ಡೆ ಇದ್ದರೆ ಹೂವಿನ ಭರವಸೆ ಇಟ್ಟುಕೊಳ್ಳಬಹುದು. ಇದು ಅದರ ಹತ್ತಿರಕ್ಕೂ ಇರಲಿಲ್ಲ. ಹಾಗಿದ್ದರೂ ಬೀಜದಿಂದ ಶುರು ಮಾಡಿದರೆ ಹೂವಿಗೆ ಮೂರು-ನಾಲ್ಕು ವರ್ಷ ಕಾಯಬೇಕು. ಈ ತುಂಡಿಗೆ ಎರಡು ವರ್ಷ ಸಾಕಾಗಬಹುದು.

ಶಾರದಮ್ಮ ಅಷ್ಟು ಹೊತ್ತು ಸುಮ್ಮನಿದ್ದವರು ಒಂದು ಮಾತು ಹೇಳಿದರು. "ನೋಡಿ, ಊರಲ್ಲಿ ಇದಕ್ಕೆ ಯಾರಾದರೂ ನೀರು ಹಾಕಿದ್ದು ನಾನು ನೋಡಲೇ ಇಲ್ಲ."

ಇಡೀ ಪ್ರಕರಣದ ಗಂಟು ಈ ಮಾತಿನಲ್ಲೇ ಇತ್ತು. ತೀರ್ಥಹಳ್ಳಿ ಕಡೆ ಮಳೆ ಕಡಿಮೆಯೇನಲ್ಲ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಬೆಂಗಳೂರಿನ ಲೆಕ್ಕ ಸಾವಿರದ ಒಳಗೇ. ಅಷ್ಟು ಮಳೆಯಲ್ಲಿ ಕೊಳೆಯದ ಗೆಡ್ಡೆ ಇಲ್ಲಿ ಒಂದು ಚೊಂಬಿಗೆ ಯಾಕೆ ಕೊಳೆಯಿತು? ಎರಡು ಕಾರಣ. ದರೆಯ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಇನ್ನೊಂದು, ಅಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬೇಲಿಗೆ ನೀರೇ ಇಲ್ಲ. ಆ ತಿಂಗಳುಗಳಲ್ಲಿ ಗೆಡ್ಡೆ ಮಲಗಿರುತ್ತದೆ. ಮೇಲೆ ಎಲೆ ಇಲ್ಲ, ಕೆಳಗಿನ ನೀರನ್ನು ಎಳೆಯುವವರಿಲ್ಲ. ಹಾಕಿದ ನೀರೆಲ್ಲ ಕುಂಡದಲ್ಲೇ ಕೂತು ಗೆಡ್ಡೆಗೆ ಬೂಷ್ಟು ಹಿಡಿಸುತ್ತದೆ. ನವೆಂಬರಿನ ಹಳದಿ ಎಲೆ ರೋಗ ಆಗಿರಲಿಲ್ಲ, ಗಿಡ ಮಲಗಲು ಹೊರಟಿತ್ತು. ಅದನ್ನು ಎಬ್ಬಿಸುತ್ತೇವೆ ಅಂತ ಮನೆಯವರು ಕೊಟ್ಟ ಔಷಧಿ ಅಂದರೆ ನೀರು.

ಜಾಗವೂ ಸರಿ ಇರಲಿಲ್ಲ. ಓಣಿಗೆ ಬಿಸಿಲು ಬೀಳುತ್ತಿದ್ದದ್ದು ಮಧ್ಯಾಹ್ನದ ಸ್ವಲ್ಪ ಹೊತ್ತು. ಈ ಬಳ್ಳಿ ಬುಡ ನೆರಳಲ್ಲಿದ್ದರೂ ತಲೆಯನ್ನು ಬಿಸಿಲಿಗೆ ಒಯ್ಯುವಂಥದ್ದು. ಕಿಟಕಿ ಸರಳಿನ ತುದಿಗೆ ಹೋದರೂ ಅದಕ್ಕೆ ಬಿಸಿಲು ಸಿಕ್ಕಿರಲಿಲ್ಲ.

ಗೆಣಸಿನ ಬುಟ್ಟಿ

ತುಂಡನ್ನು ಉಳಿಸಿಕೊಳ್ಳುವುದು ಅಂತಾಯಿತು. ಕೊಳೆತ ಭಾಗ ಕೆರೆದು, ಗಾಯಕ್ಕೆ ಒಲೆ ಬೂದಿ ಸವರಿ, ನೆರಳಿನಲ್ಲಿ ಒಣಗಲು ಪೇಪರಿನ ಮೇಲೆ ಇಡಲು ಹೇಳಿ ಬಂದೆ. ಆಮೇಲೆ ಒಣ ಮರಳಿನಲ್ಲಿ ಹೂತಿಡುವ ಯೋಚನೆ. ಗೆಡ್ಡೆ ವಿಷ ಅಂತಲೂ ಹೇಳಿದ್ದೆ. ಶಾರದಮ್ಮನಿಗೆ ಅದು ಹುಟ್ಟಿನಿಂದ ಗೊತ್ತು, ರಾಯರಿಗೂ ಹೇಳಿದರು. ಕೆಲಸದ ಹುಡುಗಿಗೆ ಯಾರೂ ಹೇಳಲಿಲ್ಲ.

ಸಂಕ್ರಾಂತಿಯ ವಾರ. ಮನೆಯಲ್ಲಿ ಗೆಣಸು, ಅವರೆಕಾಯಿ, ಕಡಲೆಕಾಯಿ ಬಂದಿದ್ದವು. ಯುಟಿಲಿಟಿಯಲ್ಲಿ ಗುಡಿಸುವಾಗ ಪೇಪರಿನ ಮೇಲೆ ಒಂಟಿಯಾಗಿ ಬಿದ್ದಿದ್ದ ಕಂದು ತುಂಡನ್ನು ಹುಡುಗಿ ಎತ್ತಿ ಗೆಣಸಿನ ಬುಟ್ಟಿಗೆ ಹಾಕಿದಳು. ಅವಳು ಮಾಡಿದ್ದರಲ್ಲಿ ತಪ್ಪು ಹುಡುಕುವಂತಿಲ್ಲ. ನೋಡಲು ಅದು ಗೆಣಸಿನ ಬಾಲದಂತೆಯೇ ಇತ್ತು. ಬೇಯಿಸುವ ಮೊದಲು ತೊಳೆಯಲು ಕೂತ ಶಾರದಮ್ಮನ ಕಣ್ಣಿಗೆ ಬಿತ್ತು, ಬಚಾವಾಯಿತು. ಬುಟ್ಟಿಯ ಗೆಣಸನ್ನೆಲ್ಲ ರಾಯರು ಎಸೆಸಿದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಈ ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆ ಮತ್ತು ಬೀಜ ಇನ್ನೂ ಜಾಸ್ತಿ. ಔಷಧಿಯಾಗುವ ಅದೇ ಕಾಲ್ಚಿಸಿನ್ ಪ್ರಮಾಣ ಮೀರಿದರೆ ಪ್ರಾಣ ತೆಗೆಯುತ್ತದೆ. ಗೆಣಸು ಅಂತ ತಿಂದು ಸತ್ತವರಿದ್ದಾರೆ. ವಾಂತಿ ಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯುತ್ತದೆ. ಹಾಗಾಗಿ "ಏನೂ ಆಗಿಲ್ಲವಲ್ಲ" ಅಂತ ಕಾಯುವುದು ಅಪಾಯ. ತಿಂದದ್ದು ಗೊತ್ತಾದ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಗೆಡ್ಡೆಯ ತುಂಡನ್ನೋ ಫೋಟೋವನ್ನೋ ಜೊತೆಗೆ ಒಯ್ಯಬೇಕು.

ರಾಯರು ಫೋನ್ ಮಾಡಿದರು. "ಮೊಮ್ಮಗ ನಡೆಯೋಕೆ ಕಲಿತಿದ್ದಾನೆ. ಈ ಗಿಡ ಮನೇಲಿ ಬೇಡ." ನಾನು ವಾದ ಮಾಡಲಿಲ್ಲ. ಕಣಗಿಲೆ, ದತ್ತೂರಿಯೂ ವಿಷವೇ, ಅವನ್ನು ಮನೆ ಮುಂದೆ ಬೆಳೆಸುವುದಿಲ್ಲವೇ ಅನ್ನುವುದು ಸುಲಭದ ಮಾತು. ಆದರೆ ಎಡವಟ್ಟು ಆಗಿದ್ದು ಗಿಡದಿಂದ ಅಲ್ಲ, ಕಿತ್ತಿಟ್ಟ ಗೆಡ್ಡೆಯಿಂದ. ಗೆಡ್ಡೆ ಮಣ್ಣಿನಿಂದ ಹೊರಗೆ ಬರದೇ ಇದ್ದರೆ? ಹಾಗಾದರೆ ಮರಳಿನಲ್ಲಿ ಹೂತಿಡುವುದೂ ಬೇಡ, ಶೆಲ್ಫಿನಲ್ಲಿ ಇಡುವುದೂ ಬೇಡ. ಕುಂಡದಲ್ಲೇ, ಒಣ ಮಣ್ಣಿನಲ್ಲೇ ಮಲಗಿರಲಿ. ಕುಂಡ ಟೆರೇಸಿನಲ್ಲಿರಲಿ. ಅಲ್ಲಿ ಬೀಗ ಹಾಕುವ ಗೇಟಿದೆ, ಮಗು ಹೋಗುವುದಿಲ್ಲ. ದಿನವಿಡೀ ಬಿಸಿಲೂ ಸಿಗುತ್ತದೆ. ಈ ಷರತ್ತುಗಳಿಗೆ ರಾಯರು ಒಪ್ಪಿದರು.

ಮಗುವಿನ ಭಯದಿಂದ ಮಾಡಿದ ಈ ಬದಲಾವಣೆಯೇ ಗಿಡಕ್ಕೂ ಬೇಕಾಗಿತ್ತು. ನಾನು ಹೇಳಿದ್ದ ಮರಳಿನ ವಿಧಾನಕ್ಕಿಂತ ಇದೇ ಮೇಲು. ಸಾಗಿಸುವುದು, ತೆಗೆಯುವುದು, ಮತ್ತೆ ನೆಡುವುದು ಎಲ್ಲ ತಪ್ಪಿದರೆ ಆ ಮೊಗ್ಗಿನ ತುದಿ ಮುರಿಯುವ ಸಂದರ್ಭವೂ ತಪ್ಪುತ್ತದೆ.

ಹೂವಿಲ್ಲದ ವರ್ಷ

ಹದಿನಾಲ್ಕು ಇಂಚಿನ ಮಣ್ಣಿನ ಕುಂಡ ತಂದೆವು. ತಳಕ್ಕೆ ಇನ್ನೂ ಮೂರು ತೂತು ಕೊರೆಸಿ, ಮೇಲೆ ಹಂಚಿನ ಚೂರು ಹಾಕಿದೆವು. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಹುಡಿಯಾದ ಗೊಬ್ಬರ ಒಂದು ಪಾಲು. ಗೆಡ್ಡೆಯನ್ನು ಅಡ್ಡಲಾಗಿ, ಎರಡು ಮೂರು ಇಂಚು ಆಳದಲ್ಲಿ ಮಲಗಿಸಿದೆವು. ಆಮೇಲೆ ಕುಂಡವನ್ನೇ ಸ್ವಲ್ಪ ವಾಲಿಸಿ, ಓವರ್‌ಹೆಡ್ ಟ್ಯಾಂಕಿನ ಕೆಳಗೆ, ಮಳೆ ತಾಗದ ಕಡೆ ಇಟ್ಟೆವು. ವಾಲಿದ ಕುಂಡಕ್ಕೆ ಯಾರೂ ಅಭ್ಯಾಸಬಲದಿಂದ ನೀರು ಹಾಕುವುದಿಲ್ಲ. "ನೀರು ಹಾಕಬೇಡಿ" ಅಂತ ಬರೆದು ಅಂಟಿಸಿದ ಚೀಟಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತ ತಿಂಗಳುಗಳು. ಏಪ್ರಿಲಿನಲ್ಲಿ ಊರಿಗೆ ಮಳೆಯೇ ಬೀಳಲಿಲ್ಲ. ಓಣಿಯ ದಾಸವಾಳ ಅರ್ಧ ಒಣಗಿತು. ಟ್ಯಾಂಕಿನ ಕೆಳಗೆ ವಾಲಿ ಬಿದ್ದಿದ್ದ ಕುಂಡಕ್ಕೆ ಮಾತ್ರ ಏನೂ ಬೇಕಾಗಿರಲಿಲ್ಲ. ಮೇ ತಿಂಗಳಲ್ಲಿ ಗುಡುಗು ಮಳೆ ಶುರುವಾದ ಮೇಲೆ ಕುಂಡ ನೇರ ಮಾಡಿ, ಬಯಲಿಗೆ ತಂದು, ಇಟ್ಟಿಗೆಗಳ ಮೇಲೆ ಕೂರಿಸಿದರು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಶಾರದಮ್ಮ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗಿ ನೋಡಿದರಂತೆ. ನೀರು ಕುಂಡದ ತಳದಿಂದ ಇಳಿದು ಹೋಗುತ್ತಿತ್ತು. ಆ ಜೂನ್ ಮುಗಿಯುವುದರೊಳಗೆ ಪೆನ್ಸಿಲಿಗಿಂತ ಸಣ್ಣ ಕುಡಿ ಮೇಲೆ ಬಂತು.

ಬಂದದ್ದು ಒಂಟಿ ಕುಡಿ, ಮೂರಡಿಗೆ ನಿಂತಿತು. ಆ ವರ್ಷದ ಗೌರಿ ಹಬ್ಬ ಸೆಪ್ಟೆಂಬರ್ 6ಕ್ಕೆ. ಮೊಗ್ಗಿಲ್ಲ. ಹೂ ಬಿಡದ ಬಳ್ಳಿಯನ್ನು ಇಟ್ಟುಕೊಂಡು ಏನು ಪ್ರಯೋಜನ ಅಂತ ಮನೆಯಲ್ಲಿ ಮತ್ತೆ ಮಾತು ಎದ್ದಿತು. ನನ್ನ ಅಭಿಪ್ರಾಯದಲ್ಲಿ ಆ ವರ್ಷ ಮಾಡಬೇಕಾದ ಕೆಲಸ ಒಂದೇ ಇತ್ತು: ಎಲೆಗಳನ್ನು ಕಾಯುವುದು. ಎಲೆ ಇದ್ದಷ್ಟು ದಿನ ಕೆಳಗೆ ಹೊಸ ಗೆಡ್ಡೆಗೆ ತೂಕ ಸೇರುತ್ತದೆ. ಮುಂದಿನ ವರ್ಷದ ಹೂವು ಈ ವರ್ಷದ ಎಲೆಯಿಂದಲೇ ಬರಬೇಕು.

ಅದಕ್ಕೇ ಹುಳು ಬಿದ್ದಾಗ ನಾನು ಸ್ವಲ್ಪ ಜಾಸ್ತಿಯೇ ತಲೆಕೆಡಿಸಿಕೊಂಡೆ. ಕಪ್ಪು ಮೈ ಮೇಲೆ ಬಿಳಿ, ಕೆಂಪು ಚುಕ್ಕೆ. ನೋಡಲು ಚಂದ. ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿಗಳಿವು. ಲಿಲ್ಲಿ ಜಾತಿಯ ಗಿಡಗಳನ್ನೇ ಹುಡುಕಿ ತಿನ್ನುತ್ತವೆ. ಮನುಷ್ಯರಿಗೆ ವಿಷವಾದದ್ದು ಇವಕ್ಕೆ ಊಟ. ಶನಿವಾರ ಎಲೆ ಮೇಲೆ ಸಣ್ಣ ತೂತು ಕಂಡಿತ್ತು, ಮಂಗಳವಾರಕ್ಕೆ ಬಳ್ಳಿಯ ಮೇಲರ್ಧ ಬರೀ ದಂಟು. ಕೀಟನಾಶಕ ಬೇಡ ಅಂತ ಶಾರದಮ್ಮ ಹಟ ಹಿಡಿದರು, ಅದೇ ಟೆರೇಸಿನಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಗ್ಲೌಸ್ ಹಾಕಿ ಹುಳುಗಳನ್ನು ಆರಿಸಿ ಸೋಪು ನೀರಿಗೆ ಹಾಕಿದರು. ಎಲೆಯ ಅಡಿಯಲ್ಲಿದ್ದ ಮೊಟ್ಟೆಗಳನ್ನು ಒರೆಸಿ ತೆಗೆದರು. ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿದರು. ಕೆಳಗಿನ ಎಲೆಗಳು ಉಳಿದವು. ಒಂದೇ ಬಳ್ಳಿ ಇದ್ದದ್ದರಿಂದ ಇಷ್ಟು ಸಾಕಾಯಿತು. ಹತ್ತಿಪ್ಪತ್ತು ಬಳ್ಳಿ ಇದ್ದಿದ್ದರೆ ಈ ಹಟ ನಡೆಯುತ್ತಿತ್ತೋ ಇಲ್ಲವೋ.

ನವೆಂಬರಿನಲ್ಲಿ ಎಲೆ ಹಳದಿಯಾಯಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ. ನೀರು ನಿಲ್ಲಿಸಿದರು. ದಂಟು ತಾನಾಗಿ ಒಣಗಿ ಕಳಚಿಕೊಳ್ಳುವ ತನಕ ಕತ್ತರಿಸಲಿಲ್ಲ. ಕುಂಡ ಮತ್ತೆ ಟ್ಯಾಂಕಿನ ಕೆಳಗೆ ಹೋಗಿ ವಾಲಿಕೊಂಡಿತು.

2025

ಫೆಬ್ರವರಿಯಲ್ಲಿ ನೋಡಲೇಬೇಕೆಂಬ ಆಸೆ ಶಾರದಮ್ಮನಿಗೆ. ಕಿತ್ತು ತೆಗೆಯದೆ, ಮೇಲಿನ ಮಣ್ಣನ್ನು ಕೈಯಿಂದ ಸರಿಸಿ ನೋಡಿದೆವು. ಹಳೆಯ ತುಂಡು ಕಾಗದದಂಥ ಸಿಪ್ಪೆಯಾಗಿತ್ತು. ಪಕ್ಕದಲ್ಲಿ ಹೊಸದು, ಎರಡೂ ತೋಳಿನ ಪೂರ್ತಿ ಗೆಡ್ಡೆ. ಒಂದು ತೋಳು ಕಿರುಬೆರಳಿಗಿಂತ ದಪ್ಪ, ಇನ್ನೊಂದು ಸಪೂರ. ಎರಡು ತುದಿಯಲ್ಲೂ ಮೊಗ್ಗು. ಕವಲಿನಲ್ಲಿ ಕತ್ತರಿಸಿ ಎರಡು ಗಿಡ ಮಾಡಬಹುದಿತ್ತು, ಬೆಳೆಗಾರರು ಮಾಡುತ್ತಾರೆ. ಇಲ್ಲಿ ಬೇಡ ಅಂದೆ. ಇರುವುದು ಒಂದೇ ಗೆಡ್ಡೆ, ಕತ್ತರಿಸಿದ ಗಾಯದಿಂದ ಮತ್ತೆ ಕೊಳೆ ಹತ್ತುವುದಕ್ಕೆ ಅವಕಾಶ ಯಾಕೆ ಕೊಡಬೇಕು? ಮಣ್ಣು ಮುಚ್ಚಿದೆವು.

ಆ ವರ್ಷ ಮುಂಗಾರು ಪೂರ್ವ ಮಳೆ ಚೆನ್ನಾಗಿ ಬಂತು. ಎರಡು ಕುಡಿಗಳು ಎದ್ದವು. ಬಿದಿರು ಕಡ್ಡಿ ಚುಚ್ಚಿ, ನಡುವೆ ತೆಂಗಿನ ನಾರಿನ ಹಗ್ಗ ಎಳೆದರು. ದಪ್ಪ ಪೈಪಿಗೆ ಈ ಬಳ್ಳಿ ಹತ್ತುವುದಿಲ್ಲ. ಎಲೆತುದಿಯ ಸುರುಳಿ ಸಣ್ಣದು, ಅದಕ್ಕೆ ಹಿಡಿಯಲು ಸಣ್ಣದೇ ಬೇಕು.

ಆಗಸ್ಟ್ ಮೂರನೇ ವಾರ ಮೊಗ್ಗು ಕಂಡಿತು. ಗೌರಿ ಹಬ್ಬ 26ಕ್ಕೆ. ಹಬ್ಬದ ದಿನ ಮೊಗ್ಗುಗಳು ಇನ್ನೂ ಹಸಿರಾಗಿ ತಲೆ ತಗ್ಗಿಸಿಕೊಂಡಿದ್ದವು. ಶಾರದಮ್ಮ ಸೇವಂತಿಗೆಯಲ್ಲೇ ಪೂಜೆ ಮುಗಿಸಿದರು. ಅರಳಿದ್ದು ಸೆಪ್ಟೆಂಬರ್ ಮೊದಲ ವಾರ. ಎಸಳುಗಳು ಹಿಂದಕ್ಕೆ ಮಡಚಿ ಮೇಲೆದ್ದವು, ಅಂಚೆಲ್ಲ ಅಲೆ ಅಲೆ. ಮೊದಲ ದಿನ ಬುಡ ಹಳದಿ, ತುದಿಗೆ ಸ್ವಲ್ಪ ಕೆಂಪು. ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂವು ಕೆಂಡದ ಬಣ್ಣಕ್ಕೆ ಬಂತು. ಆರು ಕೇಸರಗಳು ಸುತ್ತಲೂ ಚಾಚಿಕೊಂಡಿದ್ದರೆ ಶಲಾಕೆ, ಅಂದರೆ ಪರಾಗ ಸೇರಬೇಕಾದ ಹೆಣ್ಣು ಭಾಗದ ಕಡ್ಡಿ, ಮಾತ್ರ ಬುಡದಲ್ಲೇ ಪಕ್ಕಕ್ಕೆ ತಿರುಗಿ ಅಡ್ಡ ನಿಂತಿತ್ತು. ಹೀಗೆ ದೂರ ನಿಲ್ಲುವುದರಿಂದ ಪರಾಗ ತಾನಾಗಿ ಸೇರುವುದು ಕಷ್ಟ. ತಮಿಳುನಾಡಿನ ಬೆಳೆಗಾರರು ಬೆಳಿಗ್ಗೆ ಹೊಲಕ್ಕಿಳಿದು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವುದು ಇದಕ್ಕೇ.

ಹಬ್ಬಕ್ಕೆ ಸಿಗಲಿಲ್ಲ ಅನ್ನುವ ಬೇಸರ ಅವರಿಗೆ ಇದ್ದೇ ಇತ್ತು. ಆದರೆ ಗಿಡಕ್ಕೆ ಪಂಚಾಂಗ ಗೊತ್ತಿಲ್ಲ, ಅಲ್ವಾ? ಅದು ನಡೆಯುವುದು ಮಳೆಯ ಲೆಕ್ಕದಲ್ಲಿ. ಮುಂಗಾರಿನ ನಾಡಿನಲ್ಲಿ ಭಾದ್ರಪದಕ್ಕೆ ಅರಳುತ್ತದೆ, ಹಿಂಗಾರು ಮಳೆಯ ತಮಿಳುನಾಡಿನಲ್ಲಿ ಕಾರ್ತಿಕಕ್ಕೆ. ಹಬ್ಬ ಒಂದು ವರ್ಷ ಆಗಸ್ಟಿಗೆ, ಒಂದು ವರ್ಷ ಸೆಪ್ಟೆಂಬರಿಗೆ ಬರುತ್ತದೆ. ಅಧಿಕ ಮಾಸ ಇರುವುದರಿಂದ 2026ರಲ್ಲಿ ಅದು ಸೆಪ್ಟೆಂಬರ್ ಮಧ್ಯಕ್ಕೆ ಹೋಗುತ್ತದೆ. ಮಳೆ ಕೈ ಕೊಡದಿದ್ದರೆ ಅವರಿಗೆ ಆಗ ಹೂ ಸಿಗುವ ಸಾಧ್ಯತೆ ಚೆನ್ನಾಗಿದೆ. ಸಿಕ್ಕರೆ ಕಲಶದ ಹಿಂದೆ ಇಡಬೇಕು, ನೈವೇದ್ಯದ ತಟ್ಟೆಯ ಹತ್ತಿರ ಬೇಡ, ಮುಟ್ಟಿದ ಕೈ ತೊಳೆಯಬೇಕು ಅಂತ ಹೇಳಿದ್ದೇನೆ.

ಹೂ ಬಾಡಿದ ಮೇಲೆ ಎರಡು ಕಾಯಿ ಕಟ್ಟಿದ್ದವು. ಒಡೆದರೆ ಒಳಗೆ ಕಿತ್ತಳೆ-ಕೆಂಪು ಬೀಜ, ಮಕ್ಕಳು ನೋಡಿದರೆ ಬಿಡುವುದಿಲ್ಲ. ಬೀಜದಿಂದ ಸಸಿ ಮಾಡುವ ಆಸೆ ಶಾರದಮ್ಮನಿಗೆ ಇತ್ತು. ರಾಯರ ಷರತ್ತು ನೆನಪಿಸಿ ಕಾಯಿಗಳನ್ನು ಹಸಿರಿರುವಾಗಲೇ ತೆಗೆಸಿದೆ. ಬೀಜಕ್ಕೆ ಹೋಗುವ ಶಕ್ತಿ ಗೆಡ್ಡೆಗೇ ಹೋಗಲಿ ಅನ್ನುವುದೂ ಇತ್ತು.

ಬೇರೆಯವರಿಗೆ ಕೊಡುವ ಪ್ರಶ್ನೆ

ಈ ಫೆಬ್ರವರಿಯಲ್ಲಿ ಮಣ್ಣು ಸರಿಸಿದಾಗ ಎರಡು ಗೆಡ್ಡೆಗಳಿದ್ದವು. ಹೂವಿನ ಫೋಟೋ ನೋಡಿದವರು ಮೂರು ಮನೆಯಿಂದ ಕೇಳಿದ್ದಾರೆ. ಕೊಡುವುದಾದರೆ ಯಾವಾಗ, ಹೇಗೆ ಅನ್ನುವುದೇ ನಾವು ಕೊನೆಯಲ್ಲಿ ಕೂತು ತೀರ್ಮಾನಿಸಿದ ವಿಷಯ. ಕೊಡುವುದು ಗೆಡ್ಡೆ ಮಲಗಿರುವಾಗ ಮಾತ್ರ, ಅಂದರೆ ಮೊದಲ ಮಳೆಗಿಂತ ಮುಂಚೆ. ಬಿಡಿ ಗೆಡ್ಡೆಯನ್ನು ಕವರಿನಲ್ಲಿ ಹಾಕಿ ಕೊಡುವುದಿಲ್ಲ, ಕುಂಡದಲ್ಲಿ ನೆಟ್ಟೇ ಕೊಡುವುದು. ಕುಂಡದ ಮೇಲೆ ಪೇಂಟಿನಲ್ಲಿ "ವಿಷ" ಅಂತ ಬರೆಯುವುದು. ತೆಗೆದುಕೊಂಡು ಹೋಗುವವರ ಮನೆಯಲ್ಲಿ ಕುಂಡಗಳಿಗೆ ನೀರು ಹಾಕುವವರು ಯಾರೋ ಅವರಿಗೇ ನೇರವಾಗಿ ಹೇಳುವುದು. ಈ ಕೊನೆಯದನ್ನು ಸೇರಿಸಿದ್ದು ಕೆಲಸದ ಹುಡುಗಿ.

ಒಂದು ಗೆಡ್ಡೆ ಪಕ್ಕದ ಬೀದಿಯ ಗೆಳತಿಗೆ ಹೋಗಿದೆ, ಒಂದು ಮನೆಯಲ್ಲೇ ಇದೆ. ಎರಡನೆಯವರು ಮುಂದಿನ ವರ್ಷಕ್ಕೆ ಕಾಯಬೇಕು. ಮೂರನೆಯವರ ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ, ಟೆರೇಸು ಇಲ್ಲ. ಅವರಿಗೆ ಶಾರದಮ್ಮ ಸದ್ಯಕ್ಕೆ ದಾಸವಾಳದ ಕಡ್ಡಿ ಕೊಟ್ಟು ಕಳಿಸಿದ್ದಾರೆ.